ನಾಯಕನ ಕೋಟಿನ ಕೆಳಜೇಬು

ದರ್ಜಿ ತಾತ: ನಮ್ಮ ಮುತ್ತಾತ ಊರಿನ ಪೊಲೀಸರಿಗೆಲ್ಲ ಸಮವಸ್ತ್ರ ಹೊಲಿದವನು. ನಮ್ಮ ತಾತ ಒಂದೇ ವಾರದಲ್ಲಿ ನಲವತ್ತು ಮದುವೆ ಕೋಟು ಮುಗಿಸಿದವನು. ನಮ್ಮಪ್ಪ, ಯುದ್ಧದಲ್ಲಿ ಮನೆ ಸುಟ್ಟಾಗ, ಹೊಲಿಗೆ ಮಿಷನ್ ಬೆನ್ನಿಗೆ ಕಟ್ಟಿಕೊಂಡು ನನ್ನನ್ನ ನಡೆಸಿಕೊಂಡು ಗಡಿ ದಾಟಿದವನು. ಅವನು ಹೊಲಿದ ಕೋಟಿಗೆ ನೀನು ಚೀಟಿ ಅಂಟಿಸಿದ್ದೀಯ, ‘ನಾಯಕನ ಕೋಟು, ವಿನ್ಯಾಸ: ಚಿತ್ರತಂಡ’ ಅಂತ. ಚೀಟಿ ಕಿತ್ತು ಕೋಟು ಕೊಡು.

ಚಲನಚಿತ್ರ ಸಂಘದ ಕಾರ್ಯದರ್ಶಿ ಕೋಟಿದ್ದ ಗಾಜಿನ ಪೆಟ್ಟಿಗೆಗೆ ಅಡ್ಡ ನಿಂತ. ಸಂಜೆ, ನಾಯಕ ಆ ಕೋಟು ತೊಟ್ಟ ಹಳೇ ಸಿನಿಮಾದ ಪ್ರದರ್ಶನ, ಆಮೇಲೆ ‘ನಿರಾಶ್ರಿತರ ಚಿತ್ರದಲ್ಲಿ ವೈವಿಧ್ಯ’ ಎಂಬ ಗೋಷ್ಠಿ.

ಕಾರ್ಯದರ್ಶಿ: ತಾತ, ಗೋಷ್ಠಿ ಇಟ್ಟಿರೋದೇ ನಿಮ್ಮಂಥವರಿಗೋಸ್ಕರ. ಐದು ಜನ ಮಾತಾಡ್ತಾರೆ.

ತಾತ: ಅವರಲ್ಲಿ ನಿರಾಶ್ರಿತರ ಕ್ಯಾಂಪಿನಲ್ಲಿ ಇದ್ದವರು ಎಷ್ಟು ಜನ?

ಕಾರ್ಯದರ್ಶಿ: ಐದೂ ಜನ ಪುಸ್ತಕ ಬರೆದಿದ್ದಾರೆ.

ತಾತ: ನನಗೇನು ಕೆಲಸ?

ಕಾರ್ಯದರ್ಶಿ: ಮುಂದಿನ ಸಾಲಲ್ಲಿ ಕೂತಿರಿ. ಹೇಳಿದಾಗ ಎದ್ದು ನಿಲ್ಲಿ. ಸ್ವಲ್ಪ ಹಳೇ ಬಟ್ಟೆ ಹಾಕಿಕೊಂಡು ಬಂದರೆ ಚೆನ್ನಾಗಿರುತ್ತೆ.

ತಾತ ತನ್ನ ಇಸ್ತ್ರಿ ಮಾಡಿದ ಕಾಲರ್ ಮುಟ್ಟಿ ನೋಡಿಕೊಂಡ.

ತಾತ: ಈ ಸಿನಿಮಾದ ನಿರ್ದೇಶಕನೂ ಇದನ್ನೇ ಅಂದ. ಶೂಟಿಂಗ್ ಅಂತ ಕ್ಯಾಂಪಿನವರೆಲ್ಲ ತಲೆ ಬಾಚಿ, ಇದ್ದದ್ದರಲ್ಲಿ ಒಳ್ಳೇದು ತೊಟ್ಟು ನಿಂತರು. ಇವರು ನಿರಾಶ್ರಿತರ ಹಾಗೆ ಕಾಣಲ್ಲ ಅಂದ. ಹೊಟ್ಟೆ ತುಂಬಿದ ಪೇಟೆಯವರನ್ನ ಕರೆಸಿ ಕೆನ್ನೆಗೆ ಮಸಿ ಬಳಿಸಿದ. ನಮ್ಮ ಕೋಟುಗಳನ್ನ ಎರಡೇ ದಿನಕ್ಕೆ ಅಂತ ಇಸಕೊಂಡ. ವಾಪಸ್ಸು ಬರಲಿಲ್ಲ. ಚಳಿಗಾಲ ಪೂರ್ತಿ ಅಪ್ಪ ಗೋಣಿಚೀಲ ಹೊದ್ದು ಹೊಲಿದ.

ಕಾರ್ಯದರ್ಶಿ: ಆದರೂ ಚಿತ್ರದಲ್ಲಿ ಎಲ್ಲ ಬಗೆಯ ಜನ ಇದ್ದಾರಲ್ಲ.

ತಾತ: ಇದ್ದಾರೆ. ಒಬ್ಬ ಅಳ್ತಾನೆ, ಒಬ್ಬ ಕೆಮ್ತಾನೆ, ಒಬ್ಬಳು ನಾಯಕನಿಗೆ ಕೈ ಮುಗೀತಾಳೆ. ಕ್ಯಾಂಪಿನಲ್ಲಿ ನಮ್ಮ ಡೇರೆ ಸಾಲಲ್ಲೇ ಐದು ಭಾಷೆ ಇತ್ತಪ್ಪ. ನಲ್ಲಿ ಹತ್ತಿರ ಐದರಲ್ಲೂ ಬೈಸಿಕೊಂಡು ಬೆಳೆದವನು ನಾನು.

ಕಾರ್ಯದರ್ಶಿ: ಕೋಟು ನಿಮ್ಮಪ್ಪನದೇ ಅನ್ನೋದಕ್ಕೆ ಗುರುತು?

ತಾತ: ಬಲಗಡೆ, ತೀರಾ ಕೆಳಗೆ, ಪುಟ್ಟ ಜೇಬು.

ಕಾರ್ಯದರ್ಶಿ: ಅದು ಎಲ್ಲರಿಗೂ ಗೊತ್ತು. ಕೈಗೆಟುಕದ ಜೇಬು, ಅಂದರೆ ಕೈಗೆಟುಕದ ನಾಡು. ನಮ್ಮ ಅಧ್ಯಕ್ಷರು ಅದರ ಮೇಲೆ ಅರವತ್ತು ಪುಟ ಬರೆದಿದ್ದಾರೆ.

ತಾತ: ನನ್ನ ಕೈಗೆ ಎಟುಕುತ್ತಿತ್ತು. ಬೆನ್ನ ಮೇಲಿನ ಮಿಷನ್ ಜಾರದ ಹಾಗೆ ಅಪ್ಪನ ಎರಡು ಕೈಯೂ ಹಗ್ಗ ಹಿಡಿದಿದ್ದವು. ಗುಂಪಿನಲ್ಲಿ ನಾನು ತಪ್ಪಿಸಿಕೊಳ್ಳದೆ ಅದರಲ್ಲಿ ಕೈ ಇಟ್ಟು ನಡೀಲಿ ಅಂತ ನನ್ನ ಎತ್ತರಕ್ಕೆ ಅದನ್ನ ಹೊಲಿದಿದ್ದ. ಒಳಗೆ ಕೆಂಪು ಬಟ್ಟೆ, ಅಮ್ಮನ ಲಂಗದ್ದು. ಹೊರಳಿಸಿ ನೋಡು.

ಕಾರ್ಯದರ್ಶಿ ಬೀಗ ತೆಗೆದು ಜೇಬು ಹೊರಳಿಸಿದ. ಕೆಂಪು. ಚೀಟಿ ಕಿತ್ತು ಕೋಟು ತಾತನ ಕೈಗೆ ಕೊಟ್ಟ.

ಕಾರ್ಯದರ್ಶಿ: ಅಧ್ಯಕ್ಷರಿಗೆ ಏನು ಹೇಳಲಿ?

ತಾತ: ಅರವತ್ತು ಪುಟಕ್ಕೆ ಒಂದು ತೇಪೆ ಹಾಕಿಕೊಳ್ಳಲಿ.

ತಾತ ಕೋಟು ತೊಟ್ಟ. ಬಗ್ಗಿ ಆ ಜೇಬಿಗೆ ಕೈ ತುರುಕಿದ. ಎರಡು ಬೆರಳು ಹೋದವು, ಅಷ್ಟೇ.

ಕಾರ್ಯದರ್ಶಿ: ಹೊರಗೆ ಗಾಡಿಗಳು ಜಾಸ್ತಿ, ತಾತ. ಕೈ ಕೊಡಿ, ದಾಟಿಸ್ತೀನಿ.

ತಾತ: ಆ ಐದು ಜನರನ್ನ ಕೈ ಹಿಡಿದು ವೇದಿಕೆ ಹತ್ತಿಸು, ಹೋಗು. ಗಡಿ ದಾಟಿದ ಕೋಟು ಕಣಪ್ಪ ಇದು. ರಸ್ತೆ ದಾಟೋಕೆ ನಿನ್ನ ಕೈ ಬೇಡ.