ಕೊರಳಿಗೆ ಎಟುಕದ ಪದಕ

ರಾಷ್ಟ್ರೀಯ ಕ್ಲಬ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಗೆದ್ದ ತಂಡವು ಖಂಡಮಟ್ಟದ ಪಂದ್ಯಾವಳಿಗೆ ಹೋಗತಕ್ಕದ್ದು ಎಂಬುದು ನಿಯಮ. ಗೆದ್ದವರು ಯಾರು ಎಂಬುದಕ್ಕೂ ನಿಯಮವಿದೆ: ಸಂಘದ ಅಧ್ಯಕ್ಷರು ಸ್ವಹಸ್ತದಿಂದ ಯಾರ ಕೊರಳಿಗೆ ಪದಕ ಹಾಕುತ್ತಾರೋ ಅವರು. ಚೆಂಡು ಎಷ್ಟು ಸಲ ಬುಟ್ಟಿಗೆ ಬಿತ್ತು ಎಂಬುದು ಪೂರಕ ಮಾಹಿತಿ ಮಾತ್ರ.

ಈ ವರ್ಷ ಫೈನಲ್ ಗೆದ್ದದ್ದು ಬಂದರು ಕಾರ್ಮಿಕರ ಕ್ಲಬ್. ಅದರ ನಾಯಕನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಮಂಡಿ ಸವೆದಿತ್ತು, ಇದೇ ಕೊನೆಯ ವರ್ಷ. ವಿದೇಶದಲ್ಲಿ ಒಂದು ಸಲವಾದರೂ ಆಡಬೇಕೆಂದು ಪಾಪ, ಹುಡುಗನಾಗಿದ್ದಾಗಿನಿಂದ ಕನವರಿಸುತ್ತಿದ್ದ. ಹೊಸದಾಗಿ ಆಯ್ಕೆಯಾಗಿದ್ದ ಅಧ್ಯಕ್ಷರು ತುದಿಗಾಲಲ್ಲಿ ನಿಂತು ಪದಕ ಎತ್ತಿದರು. ಅದು ಏಣಿಯ ಎದೆಯವರೆಗೆ ಹೋಗಿ ಹಿಂದಿರುಗಿತು.

ಏಣಿ ತಲೆ ಬಗ್ಗಿಸಿದ.

“ಬಗ್ಗಬಾರದು!” ಎಂದರು ಕಾರ್ಯದರ್ಶಿ. “ಆಟಗಾರ ತಲೆ ಎತ್ತಿ ನಿಂತೇ ಪದಕ ತಗೋಬೇಕು.”

“ಹಾಗಾದ್ರೆ ಸಾಹೇಬ್ರಿಗೆ ಒಂದು ಸ್ಟೂಲ್ ಹಾಕ್ಸಿ ಸಾರ್,” ಎಂದ ಏಣಿ.

“ಅಧ್ಯಕ್ಷರು ಸ್ಟೂಲ್ ಹತ್ತೋದಾ? ಸಂಘದ ಮರ್ಯಾದೆ ಏನಾಗ್ಬೇಕು?”

ಮರ್ಯಾದೆಯೇ ಮುಖ್ಯವೆಂದು ಎಲ್ಲರೂ ಒಪ್ಪಿದರು. ತಂಡದಲ್ಲಿ ಒಬ್ಬನ ಕೊರಳೂ ಎಟುಕಲಿಲ್ಲ. ಸೋತ ತಂಡವನ್ನು ಕರೆದರು, ಅವರೂ ತಾಳೆಮರಗಳೇ. ಕೈ ಸೋತ ಅಧ್ಯಕ್ಷರು ಎಟುಕಿದ ಕೊರಳಿಗೆಲ್ಲ ಪದಕ ಹಾಕತೊಡಗಿದರು: ಕಾರ್ಯದರ್ಶಿ, ಖಜಾಂಚಿ, ಮೈಕ್‌ನವನು, ತಮ್ಮ ಭಾವಮೈದುನ, ನೆಲ ಒರೆಸಲು ಬಂದವನು. ಪದಕ ಮುಗಿದವು, ಚಾಂಪಿಯನ್ನರು ಸಿದ್ಧರಾದರು.

ಮರುದಿನ ಏಣಿ ಸಂಘದ ಕಚೇರಿಗೆ ಹೋದ. “ನಾವು ಗೆದ್ದಿದ್ದು ನಿಜ ತಾನೆ ಸಾರ್?”

“ಆಟ ಗೆದ್ರಿ ಕಣಪ್ಪಾ, ಚಾಂಪಿಯನ್‌ಷಿಪ್ ಗೆಲ್ಲಲಿಲ್ಲ,” ಎಂದರು ಕಾರ್ಯದರ್ಶಿ. “ಅಷ್ಟುದ್ದ ಬೆಳೆಯೋ ಮುಂಚೆ ಸಂಘಾನ ಒಂದು ಮಾತು ಕೇಳ್ಬಾರ್ದಿತ್ತಾ?”

ಏಣಿಗೆ ದುಃಖ ಉಕ್ಕಿ ಬಂತು. ನಿಂತಲ್ಲೇ ಅತ್ತ.

“ಕಡತದ ಮೇಲೆ ಬೇಡ. ಸ್ವಲ್ಪ ಪಕ್ಕಕ್ಕೆ ನಿಂತು ಅಳು.”

ಪದಕ ತೊಟ್ಟವರ ತಂಡ ವಿದೇಶಕ್ಕೆ ಹೊರಡುವ ಹಿಂದಿನ ದಿನ ತೊಡಕೊಂದು ಎದುರಾಯಿತು. ವಿಮಾನದಲ್ಲಿ ತಲೆಯ ಮೇಲಿನ ಗೂಡಿಗೆ ಚೀಲ ಇಡಲು ತಂಡದಲ್ಲಿ ಯಾರ ಕೈಯೂ ಎಟುಕದೆಂದು ಖಜಾಂಚಿ ಸಭೆಯ ಗಮನಕ್ಕೆ ತಂದರು. ಕೂಡಲೇ ಏಣಿಗೆ ಕರೆ ಹೋಯಿತು.

ತಂಡ ಮೊದಲ ಪಂದ್ಯವನ್ನೇ ನೂರೆಂಬತ್ತು–ಸೊನ್ನೆಯಿಂದ ಸೋತಿತು. ನೆಲ ಒರೆಸುವವನೊಬ್ಬ ಮಾತ್ರ ಮೆಚ್ಚುಗೆ ಗಳಿಸಿದ. ಬಿಡುವಿನಲ್ಲಿ ಅಂಗಳ ಒರೆಸಿದ್ದಕ್ಕೆ. ಏಣಿ ಅಧ್ಯಕ್ಷರ ಚೀಲವನ್ನು ಹೆಗಲಿಗೆ ಹಾಕಿಕೊಂಡು ಗೆರೆಯಾಚೆ ನಿಂತಿದ್ದ.

ಊರಲ್ಲಿ ಅವನ ತಾಯಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: “ಇಷ್ಟು ಜನರಲ್ಲಿ ನಮ್ಮವನನ್ನೇ ಕರೆದ್ರು ಕಣೇ. ಎತ್ತರ ಇದ್ದಿದ್ದಕ್ಕೆ ತಾನೆ!”

ಬಂದರು ಕ್ಲಬ್ ಈಗ ಅಭ್ಯಾಸಕ್ಕೆ ಚೆಂಡು ತರುವುದಿಲ್ಲ. ಸೂಟ್‌ಕೇಸ್ ಎತ್ತಿ ಬುಟ್ಟಿಯ ಮೇಲಿಡುತ್ತಾರೆ. ಮುಂದಿನ ವರ್ಷಕ್ಕೆ ಪೈಪೋಟಿ ಜೋರಾಗಿದೆಯಂತೆ.