ಹಾಲಿನ ವಾಹನವೂ ನಮ್ಮ ಬಾಗಿಲ ಫರಸಿಯೂ

ವಾಹನ ಸುಧಾರಿಸಿದರೆ ಮನುಷ್ಯ ಸುಖಿಯಾಗುತ್ತಾನೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ನಿಜಾಮರ ಕಾಲದಲ್ಲಿ ನಮ್ಮ ಶಹಾಬಾದಿಗೆ ಬಂದು, ಬರಿಯ ಹಾಲಿನ ವಾಹನಗಳ ಚರಿತ್ರೆಯನ್ನಾದರೂ ನೋಡಬೇಕಿತ್ತು. ಅತ್ತ ವಾಡಿಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ರೈಲು ಕೂಗುತ್ತಿತ್ತು, ಸೇಡಂ ಕಡೆ ಒಂದು ಮೋಟಾರು ಬಸ್ಸು ಕೆಮ್ಮುತ್ತ ಓಡಾಡುತ್ತಿತ್ತು. ಹಾಲು ಮಾತ್ರ ನಾಲ್ಕು ಕಾಲಿನ ಮೇಲೆ ನಡೆದೇ ಬರುತ್ತಿತ್ತು. ಗೌಳಿ ಮಲ್ಲಪ್ಪ ಬೆಳಿಗ್ಗೆ ಎಮ್ಮೆಯನ್ನು ಹೊಡೆದುಕೊಂಡು ಬಂದು, ನನ್ನ ಹೆಂಡತಿ ಗುರುಬಸಮ್ಮನ ಕಣ್ಣೆದುರೇ ಚೊಂಬಿಗೆ ಕರೆದುಕೊಟ್ಟು ಹೋಗುತ್ತಿದ್ದ. ಗಾಲಿಯಿಲ್ಲ, ಮುಚ್ಚಳವಿಲ್ಲ, ನೀರು ಬೆರೆಸಲು ಎಡೆಯೂ ಇಲ್ಲ. ಅದಕ್ಕಿಂತ ಒಳ್ಳೆಯ ಹಾಲಿನ ಗಾಡಿಯನ್ನು ನಾನಿನ್ನೂ ಕಂಡಿಲ್ಲ.

ಅದನ್ನು ಕೆಡಿಸಿದ್ದು ನನ್ನ ಮಾವನವರ ಧೋತರ. ಚಿಂಚೋಳಿಯಿಂದ ಬಂದಾಗಲೆಲ್ಲ ಅವರು ನಮ್ಮ ಓಣಿಯಲ್ಲಿ ಅದನ್ನು ಮೊಣಕಾಲಿನವರೆಗೆ ಎತ್ತಿ, "ಊರ ತುಂಬ ಕಲ್ಲು ಅದ, ಅಳಿಯಾವ್ರ ಬಾಗಿಲಿಗಿ ಕೆಸರು ಅದ!" ಎನ್ನುತ್ತಿದ್ದರು. ನಾನೋ ಕಲ್ಲುಗಣಿಯ ಕಚೇರಿಯಲ್ಲಿ ಗುಮಾಸ್ತ. ಗುರುಬಸಮ್ಮ ಬಸುರಿ, ಅವಳನ್ನು ನೋಡಲು ಮಾವನವರು ಮತ್ತೆ ಬರುವವರಿದ್ದರು. ಬಾಗಿಲಿನಿಂದ ಓಣಿಯ ತುದಿಯವರೆಗೂ, ಮುಖ ಕಾಣುವಂತೆ ಪಾಲಿಶ್ ಹೊಡೆದ ಫರಸಿಕಲ್ಲು ಹಾಸಿಸಿಬಿಟ್ಟೆ. ಮರುದಿನ ಎಮ್ಮೆ ಅದರ ಮೇಲೆ ಕಾಲಿಟ್ಟಿತು. ಹಿಂಗಾಲು ಎರಡೂ ಜಾರಿ, ನಮ್ಮ ಹಿರಿಯ ಗುಮಾಸ್ತರು ಗಾದಿಯ ಮೇಲೆ ಕುಕ್ಕರಿಸಿದಂತೆ ಕುಳಿತುಬಿಟ್ಟಿತು. ಎದ್ದು ಹೋದದ್ದು ಮತ್ತೆ ಬರಲಿಲ್ಲ. ಗೋಣಿಚೀಲ ಹಾಸಿದರೂ ಇಲ್ಲ, ಹಿಂಡಿ ತೋರಿಸಿದರೂ ಇಲ್ಲ.

"ಎಮ್ಮಿ ಒಲ್ಲೆ ಅಂತದರಿ ಸಾಹೇಬ್ರ," ಎಂದ ಮಲ್ಲಪ್ಪ, ಅದರ ವಕೀಲನೇ ಆದಂತೆ. "ಫರಸಿ ಕೀಳಸ್ರಿ. ಇಲ್ಲಂದ್ರ ಓಣಿ ತುದಿಗಿ ಚೊಂಬು ಹಿಡ್ಕೊಂಡು ಬರ್ರಿ."

ಶೇರವಾನಿ ತೊಡುವವನು ಚೊಂಬು ಹಿಡಿದು ಬೀದಿಯಲ್ಲಿ ನಿಲ್ಲುವುದೇ! "ಕಾಲ ಬದಲಾಗ್ಯಾದ ಮಲ್ಲಪ್ಪ, ಸೈಕಲ್ ಮ್ಯಾಲ ತಂದು ಹಾಕು," ಎಂದು ಗದರಿಸಿದೆ.

ಅವನು ಸೈಕಲ್ ತಂದ. ಅಂಥ ದರಿದ್ರ ವಾಹನವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಅವನ ಕೊಟ್ಟಿಗೆ ಹೊಳೆಯ ಕಡೆ. ದಾರಿಯುದ್ದಕ್ಕೂ ಗಣಿಯ ಕಲ್ಲುಚೂರು. ಹಿತ್ತಾಳೆ ಡಬ್ಬಿ ಕುಣಿದು ಕುಣಿದು, ನಮ್ಮ ಮನೆ ಸೇರುವಷ್ಟರಲ್ಲಿ ಹಾಲು ಕಡೆದು, ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿಕೊಂಡಿರುತ್ತಿತ್ತು. ಮುಚ್ಚಳ ಅವನ ಮನೆಗೆ, ನೀಲಿ ನೀರು ನಮ್ಮ ಮನೆಗೆ. ಕೇಳಿದರೆ, "ಬೆಣ್ಣಿ ಸೈಕಲ್ ತೆಗಿಲಿಕತ್ತದರಿ, ನಾ ಏನ್ ಮಾಡ್ಲಿ?" ಎಂದ.

ಮಾವನವರು ಬಂದರು. ಫರಸಿಯ ಮೇಲೆ ಧೋತರ ಇಳಿಬಿಟ್ಟುಕೊಂಡೇ ನಡೆದರು. ನನಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಆಮೇಲೆ ಚಹಾ ಬಂತು. ಅವರು ಬಸಿಯಲ್ಲಿ ಸುರಿದುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

"ಅಳಿಯಾವ್ರ, ಬಸಿ ತಳದ ಹೂವು ಕಾಣ್ಲಿಕತ್ತದರಿ. ಬಸುರಿ ಹೆಣ್ಮಗಳಿಗಿ ಇದನ್ನs ಕುಡಸ್ತೀರೇನು? ನಾಳಿ ಕರ್ಕೊಂಡು ಹೋಗ್ತೀನಿ. ಹಡದು, ಕೂಸು ದೊಡ್ಡದಾದ ಮ್ಯಾಲ ಕಳಸ್ತೀನಿ."

ಅವಳಿಲ್ಲದ ಮನೆಯಲ್ಲಿ ಆ ನೀಲಿ ಹಾಲಿನ ಜೊತೆ ನಾನೊಬ್ಬನೇ ಇರುವುದೆಂದರೆ! "ಬ್ಯಾಡ್ರಿ ಮಾಮಾ, ನಾಳಿಂದ ನಾನs ಹೋಗಿ ಹಾಲು ಕರಿಸ್ಕೊಂಡು ಬರ್ತೀನಿ," ಎಂದುಬಿಟ್ಟೆ.

"ಹಂಗಾದ್ರ ಎರಡು ದಿನ ಇದ್ದು ನೋಡ್ತೀನಿ," ಎಂದರು ಅವರು.

ಬೀದಿಯ ತುದಿಗೆ ಹೋಗಲು ನಾಚಿದವನು ಚೊಂಬು ಹಿಡಿದು ಹೊಳೆಯವರೆಗೂ ನಡೆದೆ. ಮೊದಲು ಎಮ್ಮೆ ನನ್ನ ಬಾಗಿಲಿಗೆ ಬರುತ್ತಿತ್ತು, ಈಗ ನಾನು ಎಮ್ಮೆಯ ಬಾಗಿಲಿಗೆ. ಸುಧಾರಣೆ ಎಂದರೆ ಇದೇ. ಫರಸಿಯನ್ನು ಮಾತ್ರ ಕೀಳಿಸಲಿಲ್ಲ, ಮರ್ಯಾದೆಯ ಪ್ರಶ್ನೆ.

ಎರಡನೆಯ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ನೊರೆಹಾಲು ತುಂಬಿದ ಚೊಂಬಿನೊಡನೆ ನನ್ನದೇ ಫರಸಿಯ ಮೇಲೆ ಕಾಲಿಟ್ಟೆ. ಎರಡೂ ಕಾಲು ಜಾರಿ ಕುಕ್ಕರಿಸಿದೆ.

"ಹಾಲು ಚೆಲ್ಲಿತೇನ್ರಿ?" ಎಂದಳು ಗುರುಬಸಮ್ಮ ಒಳಗಿನಿಂದ.

ಮಾವನವರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಅಳಿಯಾವ್ರ, ಎಮ್ಮಿ ಇಲ್ಲಿ ಎಷ್ಟು ಸಲ ಬಿದ್ದಿತ್ತರಿ?"

"ಒಂದs ಸಲ, ಮಾಮಾ," ಎಂದೆ. ನಾನು ಹಿಂದಿನ ದಿನವೂ ಬಿದ್ದಿದ್ದೆ.