ಮಾಳಿಗೆಯ ಲಿನಕ್ಸು, ಅಂಗಡಿಯ ವಿಂಡೋಸು

ಕಂಪ್ಯೂಟರಿಗೆ ಊದುಬತ್ತಿ ಬೆಳಗುವವರು ಗಜೇಂದ್ರಗಡದಲ್ಲಿ ಬೇಕಾದಷ್ಟು ಸಿಗುತ್ತಾರೆ. ಅದನ್ನು ಎದುರಿಗೆ ಕೂರಿಸಿಕೊಂಡು ಬೈದು ಬುದ್ಧಿ ಹೇಳುವವರು ನನ್ನ ದೊಡ್ಡ ಮಾಮಾ ಒಬ್ಬರೇ! ಕೈಮಗ್ಗದ ಸೀರೆಗೆ ದಡಿಯ, ಅಂದರೆ ಅಂಚಿನ, ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವರ ಕಸುಬು. ಒಮ್ಮೆ ದಡಿಯ ನವಿಲಿಗೆ ಕಾಲು ಬರೆಯುತ್ತಿದ್ದಾಗ ವಿಂಡೋಸು ತನ್ನಷ್ಟಕ್ಕೆ ತಾನೇ ಆರಿ, ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತಿತಂತೆ. ನವಿಲು ಹಾರಿಹೋಯಿತು. ನಾನು ಕೂತಾಗ ತಾನು ಎದ್ದುಹೋಗುವ ಮಗ್ಗ ನನಗೆ ಬೇಡ ಎಂದು ಹಟ ಹಿಡಿದು, ವಿಂಡೋಸು ತೆಗೆಸಿ ಅದರ ಜಾಗದಲ್ಲಿ ಲಿನಕ್ಸ್ ಹಾಕಿಸಿಕೊಂಡರು. ಹಾಕಿದವನು ನಾನೇ, ರೋಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸೋದರಳಿಯ.

ದೊಡ್ಡ ಮಾಮಾ ಕೆಲಸಕ್ಕೆ ಕೂರುವುದು ಮನೆಯ ಮಾಳಿಗೆಯಲ್ಲಿ. ಅದೇ ಮನೆಯ ಕೆಳಗೆ ಅವರ ತಮ್ಮ, ಅಂದರೆ ನನ್ನ ಸಣ್ಣ ಮಾಮಾನ ಸೀರೆ ಅಂಗಡಿ. ಅಲ್ಲಿ ಬಿಲ್ಲು ಮಾಡಲು ವಿಂಡೋಸೇ ಆಗಬೇಕು. ಮೊದಲೆಲ್ಲ ಹೊಸ ದಡಿ ಬರೆದಾಗ ಸಣ್ಣ ಮಾಮಾ ನೂಲಿನ ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದರು. ತಮ್ಮ ತಂದ ಲಡಿಯನ್ನು ಅಣ್ಣ ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ಬಣ್ಣ ಗೊತ್ತು ಮಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಬಣ್ಣದ ಮಾತು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಮಂಡಕ್ಕಿಯ ಗಿರ್ಮಿಟ್ಟು, ಚಹಾ, ಜಗಳ ಮಾತ್ರ ಸಂಜೆತನಕ!

ಹತ್ತಿಳಿಯುವ ತ್ರಾಸು ತಪ್ಪಲಿ ಎಂದು ನಾನು ಒಂದು ಕೇಬಲ್ಲು ಎಳೆದು, ಮೇಲಿನ ಕಂಪ್ಯೂಟರಿನ ದಡಿಗಳ ಫೋಲ್ಡರು ಕೆಳಗಿನ ಅಂಗಡಿಯಲ್ಲೂ ತೆರೆಯುವಂತೆ ಮಾಡಿಕೊಟ್ಟೆ. ಎಲ್ಲರೂ ಭೇಷ್ ಎಂದರು. ಅವತ್ತಿನಿಂದ ದಡಿಯೂ ಬಣ್ಣವೂ ಪರದೆಯ ಮೇಲೇ ಗೊತ್ತಾಗಿ, ಸಣ್ಣ ಮಾಮಾ ಮೇಲೆ ಹತ್ತುವುದೇ ನಿಂತಿತು. ದೊಡ್ಡ ಮಾಮಾ ನನಗೆ ಫೋನು ಮಾಡಿ, ತಮ್ಮ ಹೇಗಿದ್ದಾನೆ, ಉಂಡನೋ ಇಲ್ಲವೋ ಎಂದು ಕೇಳತೊಡಗಿದರು. ಅವರ ಕಾಲ ಕೆಳಗೇ ಇರುವ ತಮ್ಮನ ಸುದ್ದಿ ರೋಣದಲ್ಲಿರುವ ನನಗೇನು ಗೊತ್ತು? ಒಂದೇ ಮನೆಯಲ್ಲಿದ್ದೂ ಅವರು ತಮ್ಮನಿಗಾಗಿ ಹಂಬಲಿಸುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ! ಫೋಲ್ಡರು ಕಾಣುತ್ತದೆ, ತೆರೆಯುವುದಿಲ್ಲ ಎಂದು ಅಂಗಡಿಯಿಂದ ಫೋನು. ಬಸ್ಸು ಹಿಡಿದು ಹೋದರೆ ಪಾಸ್‌ವರ್ಡ್ ಬದಲಾಗಿತ್ತು. ಹಳೆಯದಾಗಿತ್ತು, ತೆಗೆದೆ ಎಂದರು ದೊಡ್ಡ ಮಾಮಾ, ಧೋತರದ ಮಾತು ಹೇಳಿದಂತೆ. ಮುಂದಿನ ಸಲ ಫೋಲ್ಡರು ತೆರೆಯಲು ಅಂಗಡಿಯ ಕಂಪ್ಯೂಟರಿಗೆ ಪರವಾನಗಿಯೇ ಇರಲಿಲ್ಲ. ದೃಷ್ಟಿಯಾಗಿರಬೇಕು ಎಂದರು ದೊಡ್ಡ ಮಾಮಾ! ನಾನು ಹೋಗಿ ಸರಿಮಾಡುವತನಕ ಸಣ್ಣ ಮಾಮಾ ಲಡಿ ಹೊತ್ತು ಮೇಲೆ ಬರುವುದು ಮಾತ್ರ ತಪ್ಪುತ್ತಿರಲಿಲ್ಲ.

ಮೊನ್ನೆ ಹೇಳದೆ ಕೇಳದೆ ಹೋದೆ. ದೊಡ್ಡ ಮಾಮಾ ಕನ್ನಡಕ ಮೂಗಿನ ತುದಿಗಿಳಿಸಿ, ಫೋಲ್ಡರ್ ಹಂಚಿಕೆಯನ್ನು ನಿಲ್ಲಿಸುವ ಆಜ್ಞೆಯ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಬಾಗಿಲಲ್ಲಿ ನಾನು. ಕಳ್ಳ ಸಿಕ್ಕಿಬಿದ್ದ!

"ಇದು ಚಲೋ ನಡದ್ರ ಅಂವಾ ಮ್ಯಾಲ ಯಾಕ ಬರ್ತಾನ, ಅಳಿಯಾ?" ಎಂದರು.

ಅವರ ಮಾತು ನಿಜವೇ. ಆದರೂ ನನ್ನ ಕಸುಬು ನನ್ನನ್ನು ಬಿಡಬೇಕಲ್ಲ! ಹಂಚಿಕೆಯನ್ನು ಮತ್ತೆ ಶುರುಮಾಡಿ ಅಂಗಡಿಗೆ ಇಳಿದೆ. ಅಲ್ಲಿ ಫೋಲ್ಡರು ಆಗಲೂ ತೆರೆಯಲಿಲ್ಲ. ಮೇಜಿನ ಹಿಂದೆ ಬಗ್ಗಿ ನೋಡಿದರೆ ಯಾರೋ ಕೇಬಲ್ಲನ್ನೇ ಕಿತ್ತು ಸುತ್ತಿಟ್ಟಿದ್ದಾರೆ! ಸಣ್ಣ ಮಾಮಾ ಆಗಲೇ ಲಡಿಗಳನ್ನು ಹೆಗಲಿಗೇರಿಸಿದ್ದರು. ನನ್ನನ್ನು ಕಂಡು ತಪ್ಪನ್ನು ಇಲಿಯ ಮೇಲೆ ಹಾಕಿದರು. ಇಲಿ ಕಡಿಯುತ್ತದೆ ಮಾಮಾ, ಹೀಗೆ ಚೆಂದಾಗಿ ಸುತ್ತಿಡುವುದಿಲ್ಲ ಎಂದೆ. ಅವರು ಹೆಗಲ ಲಡಿಯನ್ನು ಸವರುತ್ತ ಹೇಳಿದರು:

"ಏನೂ ಕೆಲಸಿಲ್ದ ಸುಮ್ನ ಅಣ್ಣನ ಮುಂದ ಹ್ಯಾಂಗ ಹೋಗಿ ಕೂಡ್ಲಿ? ನೆನಪಾತು ಅಂತ ಹೇಳಾಕ ಬರತೈತೇನು?"

ನಾನು ಕೇಬಲ್ಲು ಜೋಡಿಸಲಿಲ್ಲ. ಅವರು ಮೆಟ್ಟಿಲು ಹತ್ತಿದರು, ನಾನು ಬಸ್ಸು ಹತ್ತಿದೆ.

ನರಗುಂದದಲ್ಲಿ ನನಗೂ ಒಬ್ಬ ತಮ್ಮನಿದ್ದಾನೆ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸುತ್ತೇವೆ. ಮುಖ ನೋಡಿ ಎಷ್ಟು ಕಾಲವಾಯಿತೋ, ತಿಂಗಳು ಎಣಿಸಲು ಹೋದರೆ ಬೆರಳು ಸಾಲಲಿಲ್ಲ. ರೋಣ ಬಂತು. ಇಳಿಯಲಿಲ್ಲ, ಮುಂದೆ ನರಗುಂದಕ್ಕೆ ಟಿಕೀಟು ತೆಗೆಸಿದೆ. ಬಾಗಿಲು ತೆರೆದ ತಮ್ಮ ನನ್ನನ್ನು ಕಂಡು ಗಾಬರಿಯಾಗಿ, ಯಾರಿಗೆ ಏನಾಯಿತು ಎಂದು ಕೇಳಿದ.

"ಯಾರಿಗೂ ಏನೂ ಆಗಿಲ್ಲೋ. ಕೆಲಸಾನೂ ಇಲ್ಲ. ನಿನ್ನ ನೋಡಾಕ ಬಂದೀನಿ."